ಕೆಮ್ಮಿದ್ದು ನಾನೇ

ಅಣ್ಣನ ಮಗಳ ಮದುವೆಯಾಗಿ ಮೂರು ತಿಂಗಳಾದ ಮೇಲೆ ವಿಡಿಯೊ ಬಂತು. ಈಗೆಲ್ಲ ಸಿ.ಡಿ. ಕೊಡುವುದಿಲ್ಲ, ಲಿಂಕ್ ಕಳಿಸುತ್ತಾರೆ. ಲಿಂಕ್ ಬಂದ ರಾತ್ರಿಯೇ ಫ್ಯಾಮಿಲಿ ಗ್ರೂಪಿನಲ್ಲಿ ಅತ್ತಿಗೆಯ ವಾಯ್ಸ್ ಮೆಸೇಜ್: "ಎಲ್ಲರೂ ಎರಡು ಗಂಟೆ ಹದಿನಾಲ್ಕನೇ ನಿಮಿಷ ನೋಡಿ. ಕೆಮ್ಮಿದ್ದು ಯಾರು ಅಂತ ನಾನು ಹೇಳಲ್ಲ."

ನೋಡಿದೆ. ಸಪ್ತಪದಿ. ಪುಟ್ಟಿ ಐದನೇ ಹೆಜ್ಜೆ ಇಟ್ಟಿದ್ದಾಳೆ, ಪುರೋಹಿತರು ಆರನೆಯದಕ್ಕೆ ಮಂತ್ರ ಎತ್ತಿಕೊಳ್ಳಬೇಕು, ಓಲಗದವರೂ ಸುಮ್ಮನಿದ್ದಾರೆ. ಆ ಒಂದು ಸೆಕೆಂಡಿನಲ್ಲಿ ಕೆಮ್ಮು. ಚಳಿಗಾಲದ ಬೆಳಿಗ್ಗೆ ಹಳೇ ಲಾರಿ ಸ್ಟಾರ್ಟ್ ಮಾಡುತ್ತಾರಲ್ಲ, ಹಾಗೆ ಮೂರು ಸಲ ಕೆರೆದು ನಾಲ್ಕನೆಯದಕ್ಕೆ ಹತ್ತಿಕೊಂಡ ಕೆಮ್ಮು. ನನ್ನ ಮುಖ ಎಲ್ಲೂ ಕಾಣುವುದಿಲ್ಲ, ಕ್ಯಾಮೆರಾ ಪುಟ್ಟಿಯ ಕಾಲುಂಗುರದ ಮೇಲಿದೆ. ಆದರೆ ನಮ್ಮ ಮನೆಯಲ್ಲಿ ಆ ಕೆಮ್ಮಿಗೆ ಆಧಾರ್ ಕಾರ್ಡ್ ಬೇಕಾಗಿಲ್ಲ.

ನನ್ನ ಕಡೆಯದನ್ನೂ ಸ್ವಲ್ಪ ಕೇಳಿ. ಹೋಮಕ್ಕೆ ತಂದಿದ್ದ ಸೌದೆ ಹಸಿ. ಹಿಂದಿನ ರಾತ್ರಿ ಮಳೆ ಬಂದಿತ್ತು, ಛತ್ರದವರು ಅದನ್ನು ಎಲ್ಲಿ ಪೇರಿಸಿಟ್ಟಿದ್ದರೋ ಏನೋ. ಲಾಜಹೋಮದ ಹೊತ್ತಿಗೆ ಮಂಟಪದಲ್ಲಿ ಯಾರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು, ವಿಡಿಯೊದಲ್ಲಿ ಅದು ಹೆಣ್ಣು ಕಳಿಸುವ ದುಃಖದ ಹಾಗೆ ಬಹಳ ಚೆನ್ನಾಗಿ ಬಂದಿದೆ, ಹಿಂದೆ ಕೊಳಲು ಬೇರೆ ಹಾಕಿದ್ದಾರೆ. ಯಾರೋ ನನ್ನ ಕೈಗೆ ತುಪ್ಪದ ಬಟ್ಟಲು ಕೊಟ್ಟು "ಇಲ್ಲೇ ನಿಂತಿರಿ" ಎಂದು ಹೋದವರು ವಾಪಸ್ ಬರಲಿಲ್ಲ. ನಾನು ನಿಂತಿದ್ದು ಪುರೋಹಿತರ ಬೆನ್ನ ಹಿಂದೆ. ಅವರ ಶಲ್ಯಕ್ಕೆ ವಿಡಿಯೊದವರು ಮೈಕ್ ಸಿಕ್ಕಿಸಿದ್ದು ನನಗೆ ಹೇಗೆ ಗೊತ್ತಾಗಬೇಕು? ಅದೇ ಹೊಗೆಗೆ ಅವರೆಲ್ಲ ಅತ್ತರೆ ಭಾವನೆ, ನಾನು ಕೆಮ್ಮಿದರೆ ಅಪರಾಧ.

"ಇರೋಳು ಒಬ್ಳೇ ಮಗಳು. ಆ ಕಡೆ ಹೋಗಿ ಕೆಮ್ಮೋಕೆ ಆಗ್ತಿರ್ಲಿಲ್ವೇನಪ್ಪಾ ನಿಂಗೆ?" ಎಂದು ಅತ್ತಿಗೆ ಫೋನಿನಲ್ಲಿ ಕೇಳಿದಾಗ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಇದಕ್ಕಿಂತ ದೊಡ್ಡ ಕೆಮ್ಮೊಂದು 1971ರಿಂದ ಇವತ್ತಿನವರೆಗೆ ಪ್ರಪಂಚದಲ್ಲಿ ದುಡ್ಡಿಗೆ ಮಾರಾಟವಾಗುತ್ತಿದೆ, ಜನ ಕಾದು ಕೂತು ಕೇಳುತ್ತಾರೆ ಎಂದೆ.

ಸುಳ್ಳಲ್ಲ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನವರ ಮೂರನೇ ರೆಕಾರ್ಡು 'ಮಾಸ್ಟರ್ ಆಫ್ ರಿಯಾಲಿಟಿ' ಶುರುವಾಗುವುದೇ ಕೆಮ್ಮಿನಿಂದ. ಗಿಟಾರಿನ ಟೋನಿ ಐಯೋಮಿ ಲಂಡನ್ನಿನ ಸ್ಟುಡಿಯೊದಲ್ಲಿ ಕೂತು ಅಕೂಸ್ಟಿಕ್ ಗಿಟಾರಿನಲ್ಲಿ ಏನೋ ನುಡಿಸುತ್ತಿದ್ದಾನೆ. ಹಾಡುವ ಆಜಿ ಆಸ್ಬರ್ನ್ ಬಂದು ದಪ್ಪನೆಯ ಗಾಂಜಾ ಬೀಡಿಯೊಂದನ್ನು ಕೈಗೆ ಕೊಡುತ್ತಾನೆ. ಒಂದು ದಮ್ಮು ಎಳೆದಿದ್ದೇ ತಡ, ಐಯೋಮಿಗೆ ಕರುಳು ಕಿತ್ತು ಬರುವಂಥ ಕೆಮ್ಮು. ಟೇಪ್ ಓಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಟೇಪ್ ಹಿಂದಕ್ಕೆ ಸುತ್ತಿ "ಇನ್ನೊಂದ್ಸಲ" ಅನ್ನುತ್ತಿದ್ದರು. ಇವರು ಆ ಕೆಮ್ಮನ್ನು ಕತ್ತರಿಸಿ, ಅದು ತಿರುಗಿ ತಿರುಗಿ ಬರುವ ಹಾಗೆ ಜೋಡಿಸಿ, 'ಸ್ವೀಟ್ ಲೀಫ್' ಅನ್ನುವ ಹಾಡಿನ ನೆತ್ತಿಯ ಮೇಲೆ ಇಟ್ಟರು. ಹಾಡೂ ಅದೇ ಸೊಪ್ಪಿನ ಬಗ್ಗೆ. ಹೆಸರು ಮಾತ್ರ ಬಂದಿದ್ದು ಬಾಸ್ ನುಡಿಸುವ ಗೀಜರ್ ಬಟ್ಲರ್ ಡಬ್ಲಿನ್ನಿನಿಂದ ತಂದ ಸಿಗರೇಟು ಪ್ಯಾಕಿನ ಮೇಲಿದ್ದ ಸಾಲಿನಿಂದ. (ಗೀಜರ್ ಅವನ ಅಡ್ಡಹೆಸರು. ನಮ್ಮಮ್ಮ ಒಂದು ಸಲ ನಾನು ಫೋನಿನಲ್ಲಿ ಇವರ ಬಗ್ಗೆ ಮಾತಾಡುವುದನ್ನು ಕೇಳಿಸಿಕೊಂಡು "ಗೀಜರ್ ಕೆಟ್ಟಿದ್ಯಾ?" ಎಂದು ಬಚ್ಚಲುಮನೆಗೆ ಹೋಗಿ ನೋಡಿ ಬಂದಿದ್ದರು.)

ಆ ಕೆಮ್ಮನ್ನು ಅವರು ಯಾಕೆ ಅಳಿಸಲಿಲ್ಲ ಅನ್ನುವುದರ ಬಗ್ಗೆ ನನ್ನ ಹತ್ತಿರ ಒಂದು ಥಿಯರಿ ಇದೆ. ಕೊನೆಗೆ ಹೇಳುತ್ತೇನೆ, ನೆನಪು ಮಾಡಿ.

ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಅವರಮ್ಮ ಏನೂ ಅನ್ಲಿಲ್ವಾ?"

ಅಮ್ಮ ಅಂದಿದ್ದರು. ಈ ಕೆಮ್ಮಿಗಲ್ಲ, ಅದಕ್ಕೂ ಆರು ವರ್ಷ ಮೊದಲು. ಆ ಅಮ್ಮ ಅಂದ ಒಂದು ಮಾತಿನಿಂದಲೇ ಇಷ್ಟೆಲ್ಲ ಆಗಿದ್ದು ಅಂತ ಸಾಧಿಸಬಹುದು.

ಬರ್ಮಿಂಗ್‌ಹ್ಯಾಮ್, 1965. ಐಯೋಮಿಗೆ ಹದಿನೇಳು. ತಗಡು ಕತ್ತರಿಸುವ ಫ್ಯಾಕ್ಟರಿಯಲ್ಲಿ ಕೆಲಸ. ಒಂದು ಬ್ಯಾಂಡಿನ ಜೊತೆ ಯುರೋಪಿಗೆ ಹೋಗುವ ಅವಕಾಶ ಸಿಕ್ಕಿ ಫ್ಯಾಕ್ಟರಿಗೆ ರಾಜೀನಾಮೆ ಕೊಟ್ಟಾಗಿತ್ತು. ಅವತ್ತು ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು "ಇನ್ನು ವಾಪಸ್ ಹೋಗಲ್ಲ" ಎಂದ. ಕೊನೇ ದಿನ ಮಧ್ಯಾಹ್ನದ ಮೇಲೆ ಯಾರು ತಾನೇ ಕೆಲಸ ಮಾಡುತ್ತಾರೆ? ಅಮ್ಮ ಬಿಡಲಿಲ್ಲ. ಹಿಡಿದ ಕೆಲಸ ನೆಟ್ಟಗೆ ಮುಗಿಸಿ ಬಾ ಅಂತ ಕಳಿಸಿದರು. ನಮ್ಮ ಅಮ್ಮಂದಿರೂ ಇದನ್ನೇ ಹೇಳುತ್ತಾರೆ, ಹೇಳಿದ ಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾರೆ, ವಾದಕ್ಕೆ ಜಾಗ ಇರುವುದಿಲ್ಲ. ಹೋದ. ಅವತ್ತು ಪ್ರೆಸ್ ಮೆಷೀನಿನವರು ಬಂದಿರಲಿಲ್ಲ, ಇವನನ್ನೇ ಅದರ ಮುಂದೆ ನಿಲ್ಲಿಸಿದರು. ಅಭ್ಯಾಸವಿಲ್ಲದ ಮೆಷೀನು. ಅದು ಬಲಗೈ ಮೇಲೆ ಇಳಿಯಿತು, ಇವನು ಗಾಬರಿಯಲ್ಲಿ ಕೈ ಎಳೆದುಕೊಂಡ, ನಡುಬೆರಳು ಮತ್ತು ಉಂಗುರದ ಬೆರಳಿನ ತುದಿ ಅಲ್ಲೇ ಉಳಿದವು. ಯಾರೋ ಅವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರಂತೆ, ಅಷ್ಟು ಹೊತ್ತಿಗೆ ಕಪ್ಪಾಗಿದ್ದವು. ಎಡಚನಾದ್ದರಿಂದ ತಂತಿ ಒತ್ತುವ ಕೈ ಬಲಗೈಯೇ.

ಮನೆಯಲ್ಲಿ ಮುದುಡಿ ಕೂತವನನ್ನು ನೋಡಲು ಫ್ಯಾಕ್ಟರಿಯ ಮ್ಯಾನೇಜರ್ ಒಂದು ರೆಕಾರ್ಡು ಹಿಡಿದುಕೊಂಡು ಬಂದ. ನಮ್ಮಲ್ಲಾದರೆ ಹಣ್ಣು, ಬ್ರೆಡ್ಡು ತರುತ್ತಿದ್ದರು. ಜ್ಯಾಂಗೊ ರೈನ್‌ಹಾರ್ಟ್ ಅನ್ನುವವನ ಗಿಟಾರ್ ರೆಕಾರ್ಡು. ಕೇಳು ಎಂದ. ಬೇಡ ಎಂದರೂ ಕೇಳಿಸಿದ. ಚೆನ್ನಾಗಿದೆ ಅಂದ ಮೇಲೆ ಹೇಳಿದ್ದು, ಇವನು ಎರಡೇ ಬೆರಳಲ್ಲಿ ಇದನ್ನು ನುಡಿಸುತ್ತಾನೆ ಅಂತ. ಬೆಂಕಿಯಲ್ಲಿ ಸುಟ್ಟು ಜ್ಯಾಂಗೊನ ಎಡಗೈಯ ಎರಡು ಬೆರಳು ಸ್ವಾಧೀನ ಕಳೆದುಕೊಂಡಿದ್ದವು. ಸಂಗೀತದ ಇತಿಹಾಸ ಬರೆಯುವವರು ಈ ಮ್ಯಾನೇಜರನಿಗೆ ಒಂದು ಪ್ಯಾರಾ ಕೊಟ್ಟು ಮುಂದೆ ಹೋಗುತ್ತಾರೆ, ನನಗೆ ಕೋಪ ಬರುವುದು ಅಲ್ಲೇ. ಇಂಥ ಮ್ಯಾನೇಜರು ನನಗೆ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಸಿಕ್ಕಿಲ್ಲ. ನನ್ನ ಕಾಲು ಮುರಿದಾಗ ಒಬ್ಬರು ಆಸ್ಪತ್ರೆಗೆ ಬಂದಿದ್ದರು, ಲ್ಯಾಪ್‌ಟಾಪ್ ತಂದುಕೊಟ್ಟು ಹೋದರು.

ಆಮೇಲಿನದು ನನಗೆ ಬಹಳ ಇಷ್ಟದ ಭಾಗ. ಐಯೋಮಿ ಅಡುಗೆಮನೆಯಿಂದ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಪ್ಲಾಸ್ಟಿಕ್ ಬಾಟ್ಲಿ ತೆಗೆದುಕೊಂಡ, ಅಲ್ಲಿ ಅದಕ್ಕೆ ಫೇರಿ ಲಿಕ್ವಿಡ್ ಅಂತ ಹೆಸರು. ಅದನ್ನು ಕರಗಿಸಿ ಉಂಡೆ ಮಾಡಿದ. ಬಿಸಿ ಕಬ್ಬಿಣದಿಂದ ಉಂಡೆಗೆ ತೂತು ಮಾಡಿ, ಬೆರಳು ಹಿಡಿಸುವ ತನಕ ಮರಳು ಕಾಗದ ಹಾಕಿ ಉಜ್ಜಿದ. ಪ್ಲಾಸ್ಟಿಕ್ಕಿಗೆ ತಂತಿ ಜಾರುತ್ತಿತ್ತು. ಹಳೇ ಲೆದರ್ ಜಾಕೆಟ್ಟಿನಿಂದ ಚೂರು ಕತ್ತರಿಸಿ ಮೇಲೆ ಅಂಟಿಸಿದ. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥ ಎರಡು ಟೊಪ್ಪಿಗೆ. ಹೆವಿ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತ ಅಷ್ಟೂ ಈ ಎರಡು ಟೊಪ್ಪಿಗೆಯ ಮೇಲೆ ಕೂತಿದೆ.

ಓದಿ ಸುಮ್ಮನಿರಬಹುದಿತ್ತು. ಒಂದು ಭಾನುವಾರ ಹೆಂಡತಿ ತವರಿಗೆ ಹೋಗಿದ್ದಳು, ನಮ್ಮ ಸಿಂಕಿನ ಮೇಲೆ ಅಂಥದೇ ಬಾಟ್ಲಿ ಖಾಲಿಯಾಗಿ ಬಿದ್ದಿತ್ತು. ನನಗೆ ಗಿಟಾರ್ ಬರುವುದಿಲ್ಲ. ಹತ್ತೂ ಬೆರಳು ಗಟ್ಟಿಮುಟ್ಟಾಗಿವೆ. ಆದರೂ ಕತ್ತರಿಯಿಂದ ಬಾಟ್ಲಿಯ ಕತ್ತು ಕತ್ತರಿಸಿ, ಚೂರು ಮಾಡಿ, ಒಗ್ಗರಣೆ ಸೌಟಿನಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಇಟ್ಟೆ. ಮೊದಲು ಅಂಚು ಸುರುಟಿಕೊಂಡಿತು. ಆಮೇಲೆ ಹಪ್ಪಳದ ಹಾಗೆ ಉಬ್ಬಿತು. ಆಮೇಲೆ ಬಂತು ನೋಡಿ ವಾಸನೆ, ನಿಂಬೆಹಣ್ಣನ್ನು ಟೈರಿನ ಜೊತೆ ಸುಟ್ಟ ಹಾಗೆ. ಕೆಳಗಿನ ಮನೆಯವರು ವೈರಿಂಗ್ ಹೊತ್ತಿಕೊಂಡಿತು ಅಂದುಕೊಂಡು ಮೇನ್ ಸ್ವಿಚ್ಚು ಆಫ್ ಮಾಡಿ ಮೇಲೆ ಓಡಿ ಬಂದರು. ಬಾಗಿಲು ತೆಗೆದಾಗ ನನ್ನ ಕೈಯಲ್ಲಿ ಸೌಟು, ಸೌಟಿನಲ್ಲಿ ಕಂದು ಮುದ್ದೆ. ಅದನ್ನು ಬೆರಳಿಗೆ ಹಾಕಿ ನೋಡಲು ಹೋಗಿ ಬಲಗೈ ತೋರುಬೆರಳು ಬೊಬ್ಬೆ ಬಂತು. ಸೌಟು ಆಮೇಲೆ ಯಾವುದಕ್ಕೂ ಬರಲಿಲ್ಲ. ಹೊಸದು ತಂದಿಟ್ಟೆ, ಹೆಂಡತಿ ಬಂದವಳು ಎರಡೇ ನಿಮಿಷದಲ್ಲಿ ಕಂಡುಹಿಡಿದಳು, ಹಳೆಯದರ ಹಿಡಿ ಸ್ವಲ್ಪ ಸೊಟ್ಟ ಇತ್ತಂತೆ. ನಮ್ಮ ಬಿಲ್ಡಿಂಗಿನಲ್ಲಿ ಈಗಲೂ ಯಾರ ಮನೆಯಲ್ಲಾದರೂ ಏನಾದರೂ ಸೀದರೆ ಮೊದಲು ನನಗೆ ಫೋನ್ ಬರುತ್ತದೆ.

ಎಲ್ಲಿದ್ದೆ? ಹಾಂ, ಬೆರಳು. ಟೊಪ್ಪಿಗೆ ಹಾಕಿದ ಬೆರಳಿಗೆ ತಂತಿಯ ಸ್ಪರ್ಶ ಗೊತ್ತಾಗುವುದಿಲ್ಲ, ಕಿವಿಯಿಂದಲೇ ಅಂದಾಜು ಮಾಡಬೇಕು. ಬಿಗಿ ತಂತಿ ಒತ್ತಿದರೆ ನೋವು. ತೆಳು ತಂತಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಅದಕ್ಕೆ ಬ್ಯಾಂಜೊ ತಂತಿ ತಂದು ಗಿಟಾರಿಗೆ ಕಟ್ಟಿದ. ಅದೂ ಸಾಲದೆ, ಮೂರನೇ ರೆಕಾರ್ಡಿನ ಹೊತ್ತಿಗೆ ತಂತಿಗಳನ್ನೇ ಸಡಿಲಿಸಿ ಶ್ರುತಿಯನ್ನು ಮೂರು ಅರ್ಧಸ್ವರ ಕೆಳಗೆ ಇಳಿಸಿದ, ಗೀಜರನೂ ಜೊತೆಗೆ ಇಳಿಸಿದ. ನೆಲ ನಡುಗುವಂಥ ಆ ಸದ್ದು ಬಂದದ್ದು ಹಾಗೆ. ಅಂದರೆ ಕೆಮ್ಮಿನ ರೆಕಾರ್ಡೂ ಶ್ರುತಿ ಇಳಿದ ರೆಕಾರ್ಡೂ ಒಂದೇ.

ಇನ್ನು ಮೊದಲನೇ ರೆಕಾರ್ಡು. 1969ರ ಅಕ್ಟೋಬರ್ 16, ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊ. ಹನ್ನೆರಡು ಗಂಟೆಯ ಆಸುಪಾಸಿನಲ್ಲಿ ಇಡೀ ರೆಕಾರ್ಡು ಮುಗಿಯಿತು. ಇದ್ದದ್ದು ನಾಲ್ಕು ಟ್ರ್ಯಾಕಿನ ಮೆಷೀನು. ಹಾಡುವ ಆಜಿಯನ್ನು ಒಂದು ಬೂತಿನೊಳಗೆ ನಿಲ್ಲಿಸಿ, ಉಳಿದವರು ಹೊರಗೆ ನಿಂತು, ಕ್ಲಬ್ಬಿನಲ್ಲಿ ದಿನಾ ನುಡಿಸುತ್ತಿದ್ದದ್ದನ್ನೇ ನುಡಿಸಿದರು. ಬಹುಪಾಲು ಹಾಡಿಗೆ ಎರಡನೇ ಟೇಕ್ ಇಲ್ಲ. ಶುರುವಿನಲ್ಲೇ ಐಯೋಮಿಯ ಗಿಟಾರಿನ ಪಿಕಪ್, ಅಂದರೆ ತಂತಿಯ ಸದ್ದು ಹಿಡಿಯುವ ಭಾಗ, ಕೈಕೊಟ್ಟಿತು. ಜೊತೆಗೆ ಸ್ಪೇರ್ ಅಂತ ತಂದಿದ್ದ ಗಿಬ್ಸನ್ ಎಸ್‌ಜಿ ತೆಗೆದು ಉಳಿದದ್ದನ್ನು ಅದರಲ್ಲೇ ಮುಗಿಸಿದ, ಆಮೇಲೆ ಜೀವಮಾನವೆಲ್ಲ ಅವನ ಗುರುತು ಅದೇ ಗಿಟಾರಾಯಿತು. ಆ ಸ್ಪೇರ್ ಅವನಿಗೆ ಸಿಕ್ಕಿದ್ದೂ ಒಂದು ಕಥೆ. ಎಡಗೈ ಗಿಟಾರನ್ನು ತಲೆಕೆಳಗು ಹಿಡಿದು ನುಡಿಸುತ್ತಿದ್ದ ಬಲಗೈಯವನೊಬ್ಬ ಸಿಕ್ಕಿ, ಇಬ್ಬರೂ ಅದಲು ಬದಲು ಮಾಡಿಕೊಂಡಿದ್ದರು. ಚಪ್ಪಲಿ ಅದಲುಬದಲಾದ ಹಾಗೆ, ಇಬ್ಬರಿಗೂ ಲಾಭವಾಗಿ.

ರೆಕಾರ್ಡಿಂಗ್ ಮುಗಿಸಿ ಹುಡುಗರು ಸ್ವಿಟ್ಜರ್ಲೆಂಡಿಗೆ ಕಾರ್ಯಕ್ರಮ ಕೊಡಲು ಹೊರಟುಹೋದರು. ಪ್ರೊಡ್ಯೂಸರ್ ರಾಜರ್ ಬೇನ್ ಹಿಂದೆ ಕೂತು ಮೊದಲ ಹಾಡಿಗೆ ಮಳೆ, ಗುಡುಗು, ಚರ್ಚಿನ ಗಂಟೆ ಸೇರಿಸಿದ. ಜನ ಬೆಚ್ಚಿಬಿದ್ದಿದ್ದು ಆ ಮಳೆಗೇ. ನನಗೂ ಇಷ್ಟ, ಇಲ್ಲ ಅನ್ನುವುದಿಲ್ಲ. ಆದರೆ ಲೆಕ್ಕಕ್ಕೆ ಬಂದರೆ ಮಳೆ ಸುಳ್ಳು, ಕೆಮ್ಮು ನಿಜ. 1970ರ ಫೆಬ್ರವರಿ 13, ಶುಕ್ರವಾರ, ರೆಕಾರ್ಡು ಅಂಗಡಿಗೆ ಬಂತು. ಹನ್ನೆರಡು ಗಂಟೆ! ನಮ್ಮ ವಿಡಿಯೊದವರು ಎರಡು ದಿನದ ಮದುವೆ ಎಡಿಟ್ ಮಾಡಲು ಮೂರು ತಿಂಗಳು ತೆಗೆದುಕೊಂಡರು, ಅದರಲ್ಲೂ ಊಟದ ಹಾಲಿನಲ್ಲಿ ಮಾವನವರು ಹೋಳಿಗೆ ಎರಡನೇ ಸಲ ಹಾಕಿಸಿಕೊಳ್ಳುವುದನ್ನು ಸ್ಲೋ ಮೋಷನ್ನಿನಲ್ಲಿ ಹಾಕಿದ್ದಾರೆ. ಅದನ್ನು ತೆಗೆಸಿ ಅಂತ ಯಾರೂ ಕೇಳಿಲ್ಲ, ಗಮನಿಸಿ.

ಎರಡನೇ ರೆಕಾರ್ಡು ಮಾಡುವಾಗ ಮೂರು ನಿಮಿಷ ಕಮ್ಮಿ ಬಿತ್ತು. ಉಳಿದವರು ಊಟಕ್ಕೆ ಹೋದಾಗ ಐಯೋಮಿ ಕೂತು ಒಂದು ಗತ್ತು ಹಾಕಿದ, ಅವರು ಬಂದ ಮೇಲೆ ಗೀಜರ್ ಮಾತು ಬರೆದ, ಆಜಿ ಚೀಟಿ ನೋಡಿಕೊಂಡು ಹಾಡಿದ. 'ಪ್ಯಾರನಾಯ್ಡ್' ಆಗಿದ್ದು ಹಾಗೆ. ಆ ಪದ ಹಾಡಿನಲ್ಲಿ ಎಲ್ಲೂ ಇಲ್ಲ, ಬೇಕಾದರೆ ಕೇಳಿ ನೋಡಿ. ಪಂಕ್ತಿಗೆ ಸಾಲದು ಅಂತ ಕೊನೇ ಗಳಿಗೆಯಲ್ಲಿ ಕಲಸಿದ ಗೊಜ್ಜು, ಆಮೇಲೆ ಜನ ಅಡುಗೆಯವರನ್ನು ಹುಡುಕಿಕೊಂಡು ಹೋಗಿ ಕೇಳಿದ್ದು ಅದನ್ನೇ. ರೆಕಾರ್ಡಿಗೆ ಮೊದಲು 'ವಾರ್ ಪಿಗ್ಸ್' ಅಂತ ಹೆಸರಿಟ್ಟು ಕತ್ತಿ ಗುರಾಣಿ ಹಿಡಿದವನ ಫೋಟೊ ತೆಗೆಸಿದ್ದರು. ಕಂಪನಿಯವರು ಹೆಸರು ಬದಲಿಸಿದರು, ಫೋಟೊ ಹಾಗೇ ಉಳಿಯಿತು. 1970ರಿಂದ ಪಾಪ ಆ ಮನುಷ್ಯ ಯಾಕೆ ಅಂತ ಗೊತ್ತಿಲ್ಲದೆ ಕತ್ತಿ ಹಿಡಿದು ಓಡುತ್ತಿದ್ದಾನೆ.

ಅದೇ ರೆಕಾರ್ಡಿನ 'ಐರನ್ ಮ್ಯಾನ್' ಹಾಡಿನಲ್ಲಿ ಕುಕ್ಕರ್ ವಿಷಲ್ ಇದೆ. ನಿಮ್ಮ ರೆಕಾರ್ಡಿನಲ್ಲಿ ಇಲ್ಲ, ನನ್ನದರಲ್ಲಿ ಇದೆ. ಮೈಸೂರಿನಲ್ಲಿ ಓದುವಾಗ ಗೆಳೆಯನೊಬ್ಬನ ಹತ್ತಿರ ಕ್ಯಾಸೆಟ್ ಇತ್ತು, ನನ್ನ ಹತ್ತಿರ ಖಾಲಿ ಕ್ಯಾಸೆಟ್ ಇತ್ತು, ಇಬ್ಬರ ಹತ್ತಿರವೂ ಡಬಲ್ ಡೆಕ್ ಇರಲಿಲ್ಲ. ಅವನ ಮನೆಯಲ್ಲಿ ಎರಡು ಟೇಪ್ ರೆಕಾರ್ಡರನ್ನು ಎದುರುಬದುರು ಇಟ್ಟು, ಒಂದರಲ್ಲಿ ಪ್ಲೇ, ಇನ್ನೊಂದರಲ್ಲಿ ರೆಕಾರ್ಡ್ ಒತ್ತಿ, ಉಸಿರು ಬಿಗಿಹಿಡಿದು ಕೂತೆವು. ಫ್ಯಾನ್ ಕೂಡ ಆಫ್ ಮಾಡಿದ್ದೆವು. ಅಡುಗೆಮನೆ ಪಕ್ಕದಲ್ಲೇ. ಹಾಡಿನ ನಡುಮಧ್ಯೆ ಅವರಮ್ಮ ಇಟ್ಟಿದ್ದ ಅವರೆಕಾಳು ಎರಡು ವಿಷಲ್ ಕೂಗಿತು, ಹಿಂದೆಯೇ "ಲೋ, ಗ್ಯಾಸ್ ಆಫ್ ಮಾಡೋ!" ಎಂದು ಹಿತ್ತಲಿಂದ ದನಿ. ಗೆಳೆಯ ಎದ್ದು ಹೋಗಲಿಲ್ಲ, ಎದ್ದರೆ ಕುರ್ಚಿ ಸದ್ದಾಗುತ್ತದೆ. ಮೂರನೇ ವಿಷಲ್ಲೂ ಬಂತು. ಆ ಕ್ಯಾಸೆಟ್ಟನ್ನು ಏಳೆಂಟು ವರ್ಷ ಕೇಳಿದೆ. ಆಮೇಲೆ ಸಂಬಳ ಬರಲು ಶುರುವಾದ ಮೇಲೆ ಬೆಂಗಳೂರಿನಲ್ಲಿ ಒರಿಜಿನಲ್ ಸಿ.ಡಿ. ಕೊಂಡು ತಂದು ಹಾಕಿದರೆ, ಆ ಜಾಗ ಬಂದಾಗ ಏನೋ ಕಳೆದುಹೋದ ಹಾಗಾಯಿತು. ಈಗಲೂ ಆ ಹಾಡು ಎಲ್ಲಾದರೂ ಕೇಳಿದರೆ ಗ್ಯಾಸ್ ಆಫ್ ಮಾಡಬೇಕು ಅನ್ನಿಸುತ್ತದೆ.

ದುಡ್ಡು ಬಂದ ಮೇಲೆ ಅವರ ರೆಕಾರ್ಡಿಂಗ್ ಉದ್ದವಾಯಿತು. 1972ರಲ್ಲಿ ನಾಲ್ಕನೆಯದಕ್ಕೆ ಲಾಸ್ ಏಂಜಲೀಸಿಗೆ ಹೋಗಿ ದೊಡ್ಡ ಬಂಗಲೆ ಬಾಡಿಗೆಗೆ ಹಿಡಿದರು. ಗೀಜರ್ ಹೇಳಿದ ಲೆಕ್ಕದ ಪ್ರಕಾರ ರೆಕಾರ್ಡಿಗೆ ಖರ್ಚಾದದ್ದು 60,000 ಡಾಲರ್, ಕೊಕೇನಿಗೆ 75,000. ಕವರಿನ ಮೇಲೆ 'ಲಾಸ್ ಏಂಜಲೀಸಿನ ಮಹಾನ್ ಕೋಕ್-ಕೋಲಾ ಕಂಪನಿ'ಗೆ ಕೃತಜ್ಞತೆ ಬೇರೆ. ನಮ್ಮ ಲಗ್ನಪತ್ರಿಕೆಯಲ್ಲಿ 'ತಮ್ಮ ಆಗಮನವೇ ಉಡುಗೊರೆ' ಅಂತ ಹಾಕುತ್ತಾರಲ್ಲ, ಅರ್ಥ ಆಗುವವರಿಗೆ ಆಗುತ್ತದೆ. ಐದನೆಯದಕ್ಕೆ ತಲೆ ಓಡದೆ ಇಂಗ್ಲೆಂಡಿನ ಹಳೇ ಕೋಟೆಯೊಂದರ ನೆಲಮಾಳಿಗೆಯಲ್ಲಿ ಕೂತು ಹಾಡು ಕಟ್ಟಿದರು. ಅಲ್ಲಿ ದೆವ್ವ ಇದೆ ಅಂತ ಹೆದರಿ, ಒಬ್ಬರನ್ನೊಬ್ಬರು ಹೆದರಿಸಿ, ರಾತ್ರಿ ಕಾರು ಹತ್ತಿ ಮನೆಗೆ ಹೋಗಿ ಮಲಗುತ್ತಿದ್ದರು. ದೆವ್ವದ ಹೆಸರಲ್ಲಿ ಅನ್ನ ತಿಂದವರು! ಆರನೆಯದರ ಹೊತ್ತಿಗೆ ಹಳೇ ಮ್ಯಾನೇಜರ್ ಜೊತೆ ಕೇಸು ಬಿದ್ದು ಸ್ಟುಡಿಯೊದೊಳಕ್ಕೇ ನೋಟೀಸು ಬರುತ್ತಿತ್ತು. ಏಳನೆಯದಕ್ಕೆ 1976ರಲ್ಲಿ ಮಯಾಮಿ. ಪಕ್ಕದ ಕೋಣೆಯಲ್ಲಿ ಈಗಲ್ಸ್ ಬ್ಯಾಂಡಿನವರು 'ಹೋಟೆಲ್ ಕ್ಯಾಲಿಫೋರ್ನಿಯಾ' ರೆಕಾರ್ಡ್ ಮಾಡುತ್ತಿದ್ದರು. ಇವರ ಸದ್ದು ಗೋಡೆ ದಾಟಿ ಅವರ ಟೇಪಿಗೆ ಬೀಳುತ್ತಿದ್ದರಿಂದ ಅವರು ಎಷ್ಟೋ ಸಲ ಕೆಲಸ ನಿಲ್ಲಿಸಿ ಕಾಯಬೇಕಾಯಿತಂತೆ. ಪ್ರಪಂಚದ ಮದುವೆ ರಿಸೆಪ್ಷನ್ನುಗಳಲ್ಲೆಲ್ಲ ಕೀಬೋರ್ಡಿನವನು ನುಡಿಸುವ ಆ ಹಾಡನ್ನು ನಾನು ಕಿವಿಗೊಟ್ಟು ಕೇಳುವುದು ಇದೊಂದೇ ಕಾರಣಕ್ಕೆ. ಎಲ್ಲಾದರೂ ಒಂದು ಕಡೆ ಗೋಡೆಯಾಚೆಯಿಂದ ಐಯೋಮಿ ಸಿಗುತ್ತಾನೇನೋ ಅಂತ. ಇನ್ನೂ ಸಿಕ್ಕಿಲ್ಲ.

ಆಜಿಯನ್ನು ಹೊರಗೆ ಹಾಕಿದ್ದು, ಅವನ ಜಾಗದಲ್ಲಿ ಹಾಡಲು ಡಿಯೊ ಬಂದದ್ದು, ಹೋದದ್ದು, ಮತ್ತೆ ಬಂದದ್ದು, ಗಿಲನ್ ಬಂದು ಹೋದದ್ದು, ಇದನ್ನೆಲ್ಲ ಹೇಳಲು ಕೂತರೆ ನಮ್ಮ ದೊಡ್ಡಪ್ಪನ ಮನೆ ಪಾಲುಪಟ್ಟಿ ಕಥೆಯಷ್ಟು ಉದ್ದವಾಗುತ್ತದೆ. ಬಿಡಿ.

ನನಗೆ ಮೈ ಉರಿಯುವುದು ರೀಮಾಸ್ಟರ್, ಅಂದರೆ ಹಳೇ ರೆಕಾರ್ಡಿನ ಸದ್ದನ್ನು ಮತ್ತೆ ತೊಳೆದು ಕೊಡುವುದು, ಅನ್ನುವ ಪದ ಕೇಳಿದರೆ. ಆಪ್‌ನಲ್ಲಿ ಒಂದು ರೆಕಾರ್ಡು ಹುಡುಕಿದರೆ ನಾಲ್ಕು ಕಾಣುತ್ತವೆ. 2009ರಲ್ಲಿ ತೊಳೆದದ್ದು, 2012ರಲ್ಲಿ ಮತ್ತೆ ತೊಳೆದದ್ದು, ಡಿಲಕ್ಸ್, ಅದರ ಮೇಲೆ ಸೂಪರ್ ಡಿಲಕ್ಸ್, 2021 ಒಂದೇ ವರ್ಷದಲ್ಲಿ ಮೂರು ಹಳೇ ರೆಕಾರ್ಡುಗಳ ಸೂಪರ್ ಡಿಲಕ್ಸ್ ಪೆಟ್ಟಿಗೆ ಬಂದವು. ಬಿಳಿ ಬಟ್ಟೆಯನ್ನು ಎಷ್ಟು ಸಲ ಅಂತ ನೀಲಿಗೆ ಅದ್ದುತ್ತೀರಿ? ಹನ್ನೆರಡು ಗಂಟೆಯಲ್ಲಿ ಆದದ್ದನ್ನು ಐವತ್ತು ವರ್ಷದಿಂದ ತೊಳೆಯುತ್ತಲೇ ಇದ್ದಾರೆ. ಇದನ್ನೆಲ್ಲ ಬೈದುಕೊಂಡೇ ನಾನು ಎರಡು ಪೆಟ್ಟಿಗೆ ಕೊಂಡಿದ್ದೇನೆ, ಅದು ಮನೆಯಲ್ಲಿ ಗೊತ್ತಿಲ್ಲ, ಆಫೀಸಿನ ಅಡ್ರೆಸ್ಸಿಗೆ ತರಿಸಿಕೊಂಡೆ. ಐಯೋಮಿಯ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ. 1995ರ 'ಫರ್ಬಿಡನ್' ತನಗೆ ಸರಿಬಂದಿರಲಿಲ್ಲ ಅಂತ ಕೂತು ಮತ್ತೆ ಮಿಕ್ಸ್ ಮಾಡಿ 2024ರಲ್ಲಿ ಬಿಟ್ಟ. ಕೇಳಿದೆ. ಚೆನ್ನಾಗಿಯೇ ಇದೆ, ಅದೇ ಕಷ್ಟ. ಆದರೆ 'ಸ್ವೀಟ್ ಲೀಫ್' ತೊಳೆದ ಪ್ರತಿ ಸಲವೂ ಕೆಮ್ಮಿಗೆ ಮಾತ್ರ ಯಾರೂ ಕೈ ಹಾಕಿಲ್ಲ. ತೊಳೆದ ಮೇಲೆ ಕೆಮ್ಮು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ, ಗಂಟಲಿನ ಗೊರಗೊರ ಸಮೇತ.

2013ರಲ್ಲಿ ಆಜಿಯೂ ಸೇರಿ ಕೊನೆಯದಾಗಿ ಒಂದು ರೆಕಾರ್ಡು ಮಾಡಿದರು, ಐಯೋಮಿ ಆಗ ಕ್ಯಾನ್ಸರಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದ. ಅದರ ಕೊನೆಯ ಹಾಡು ಮುಗಿದ ಮೇಲೆ ಮತ್ತೆ ಆ ಮಳೆ, ಗುಡುಗು, ಗಂಟೆ. ಮೊದಲನೇ ರೆಕಾರ್ಡಿನ ಬಾಗಿಲಲ್ಲಿ ಶುರುವಾದ ಮಳೆ. 2025ರ ಜುಲೈ 5ರಂದು ತಮ್ಮದೇ ಊರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ಕೂ ಜನ ಕೊನೇ ಸಲ ನುಡಿಸಿದರು, ಆಜಿ ನಿಲ್ಲಲಾಗದೆ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದ. ಹದಿನೇಳು ದಿನಕ್ಕೆ ತೀರಿಕೊಂಡ. ಅವತ್ತು ರಾತ್ರಿ ನಾನು ಹುಡುಕಿ ಹಾಕಿದ್ದು ಮಳೆಯನ್ನಲ್ಲ, ಕೆಮ್ಮನ್ನು. ಕೆಮ್ಮು ಐಯೋಮಿಯದು, ಬೀಡಿ ಆಜಿಯದು, ಆ ಲೆಕ್ಕದಲ್ಲಿ ಇಬ್ಬರೂ ಇದ್ದಾರೆ.

ಥಿಯರಿ ಹೇಳುತ್ತೇನೆ ಅಂದಿದ್ದೆನಲ್ಲ. ಹೇಳಲು ಹೊರಟಿದ್ದೆ, ಅಷ್ಟರಲ್ಲಿ ಪುಟ್ಟಿಯ ತಮ್ಮನ ಮೆಸೇಜ್ ಬಂತು. ಕೆಮ್ಮು ತೆಗೆಯಲು ವಿಡಿಯೊದವರು ಎಕ್ಸ್‌ಟ್ರಾ ಕೇಳಿದರು ಅಂತ ಅವನೇ ಯಾವುದೋ ಸಾಫ್ಟ್‌ವೇರ್ ಹಾಕಿ ತೆಗೆದಿದ್ದಾನೆ. "ಚಿಕ್ಕಪ್ಪಾ, ಕ್ಲೀನ್ ಆಗಿ ಹೋಯ್ತು. ನೀವು ಮದುವೆಗೆ ಬಂದೇ ಇಲ್ಲ ಅನ್ನೋ ಹಾಗಿದೆ."

ಭಾನುವಾರ ಅಣ್ಣನ ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಕೂತೆವು. ದೊಡ್ಡಮ್ಮನೂ ಬಂದಿದ್ದರು, ಅವರಿಗೆ ಕೆಮ್ಮಿನ ವಿಷಯ ಗೊತ್ತಿರಲಿಲ್ಲ. ಹುಡುಗ ನೇರ ಎರಡು ಗಂಟೆ ಹದಿಮೂರನೇ ನಿಮಿಷಕ್ಕೆ ಹೋದ. ನಾಲ್ಕನೇ ಹೆಜ್ಜೆ. ಐದನೇ ಹೆಜ್ಜೆ. ನಿಶ್ಶಬ್ದ. ಹೊಗೆ ಇದೆ, ಪುರೋಹಿತರು ಬಾಯಿ ತೆರೆಯುತ್ತಿದ್ದಾರೆ, ಕೆಮ್ಮು ಇಲ್ಲ. ಕ್ಯಾಮೆರಾ ಕಾಲಿನಿಂದ ನಿಧಾನಕ್ಕೆ ಮೇಲೆ ಬಂತು. ಪುಟ್ಟಿ ಬಾಗಿದ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ತುಟಿ ಕಚ್ಚಿ ಹಿಡಿದು, ಹಿಡಿಯಲಾಗದೆ, ಬಾಸಿಂಗ ಅಲ್ಲಾಡುವ ಹಾಗೆ ನಕ್ಕುಬಿಟ್ಟಳು. ಗಂಡನೂ ನಕ್ಕ. ಆರನೇ ಹೆಜ್ಜೆ ನಗುತ್ತಲೇ ಇಟ್ಟಳು. ಕೆಮ್ಮಿನ ವಿಡಿಯೊದಲ್ಲಿ ಇದನ್ನು ನಾವು ಯಾರೂ ಗಮನಿಸಿರಲಿಲ್ಲ.

"ಯಾಕೆ ನಗ್ತಾಳೆ ಇವಳು?" ಎಂದರು ದೊಡ್ಡಮ್ಮ. "ಮಂತ್ರ ಹೇಳೋವಾಗ ಹೀಗಾ ಕಿಸಿಯೋದು?"

ಅತ್ತಿಗೆ ನನ್ನ ಮುಖ ನೋಡಿದರು. ಅಣ್ಣ ರಿಮೋಟ್ ಹುಡುಕಿದ. ನನಗೆ ಗಂಟಲಲ್ಲಿ ಏನೋ ಕೆರೆಯಲು ಶುರುವಾಗಿತ್ತು, ಎದ್ದು ನೀರು ಕುಡಿಯಲು ಒಳಗೆ ಹೋದೆ.